ಸಿಂಕಿಗೆ ಸುರಿದದ್ದು ಎಲ್ಲಿಗೆ ಹೋಗುತ್ತದೆ? ಲ್ಯಾಬಿನ ಕೆಮಿಕಲ್ ಕಸದ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯ ಕೊನೆಯಲ್ಲಿ ಒಂದೇ ಸಾಲು ಕೇಳಿದ್ದೆವು: ನಿಮ್ಮ ಲ್ಯಾಬಿನಲ್ಲಿ ಬಳಸಿ ಉಳಿದ ಕೆಮಿಕಲ್ ಏನಾಗುತ್ತದೆ? ಬಂದ ಪತ್ರಗಳಲ್ಲಿ ಜಾಸ್ತಿ ಮಲೆನಾಡಿನವು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಕೇಳಿದವರ ಹೆಸರು, ಕಾಲೇಜಿನ ಹೆಸರು ಬೇಕೆಂದೇ ಹಾಕಿಲ್ಲ.

ನಮ್ಮ ಲ್ಯಾಬಿನ ಸಿಂಕಿನ ಪೈಪು ಕಟ್ಟಡದ ಹಿಂದಿನ ಇಂಗುಗುಂಡಿಗೆ ಹೋಗುತ್ತದೆ. ಮಳೆಗಾಲದಲ್ಲಿ ಗುಂಡಿ ಉಕ್ಕಿ ಹಳ್ಳ ಸೇರುತ್ತದೆ. ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣ ಯಾವುದು ಅಂತ ಕಂಡುಹಿಡಿಯುವ ಪ್ರಯೋಗ) ಆದಮೇಲೆ ಟೆಸ್ಟ್ ಟ್ಯೂಬ್‌ಗಳನ್ನು ಅಲ್ಲೇ ತೊಳೆಯುತ್ತೇವೆ. ಮಕ್ಕಳು ಬಳಸುವುದು ಒಂದೊಂದು ಚಿಟಿಕೆ. ನಮ್ಮ ಕಡೆಯ ಮಳೆಗೆ ಅದು ಯಾವ ಲೆಕ್ಕ ಅಲ್ವಾ ಸರ್?
*ಪಿಯು ಕಾಲೇಜು ಉಪನ್ಯಾಸಕಿ, ತೀರ್ಥಹಳ್ಳಿ ಕಡೆಯಿಂದ*

ಮೇಡಂ, ಲೆಕ್ಕವನ್ನೇ ಮಾಡಿ ನೋಡೋಣ. ಒಬ್ಬ ಹುಡುಗ ಲೆಡ್ ನೈಟ್ರೇಟ್ 0.1 ಗ್ರಾಂ ತೆಗೆದುಕೊಂಡ ಅಂತಿಟ್ಟುಕೊಳ್ಳಿ. ಅದರಲ್ಲಿ ಸೀಸ ಸುಮಾರು 62 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ, ಅಂದರೆ ಐಎಸ್ 10500, ಒಪ್ಪುವ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಅಂದರೆ ಆ ಒಂದು ಚಿಟಿಕೆ 6,200 ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಇದು ಒಬ್ಬ ಹುಡುಗನದು. ಇಡೀ ಬ್ಯಾಚು, ಎಲ್ಲ ಬ್ಯಾಚುಗಳು, ಪ್ರತಿ ವರ್ಷ ಅಂತ ನೀವೇ ಗುಣಿಸಿಕೊಳ್ಳಿ.

ಮಳೆಗೆ ತೆಳುವಾಗುತ್ತದೆ ಅನ್ನುವುದು ಆಸಿಡ್ ವಿಷಯದಲ್ಲಿ ಸ್ವಲ್ಪ ನಿಜ. ಸೀಸ, ಪಾದರಸ, ಕ್ರೋಮಿಯಂ, ಕ್ಯಾಡ್ಮಿಯಂ ವಿಷಯದಲ್ಲಿ ನಿಜವಲ್ಲ. ಇವು ಮೂಲಧಾತುಗಳು. ಕೊಳೆಯುವುದಿಲ್ಲ, ಕರಗಿ ಮಾಯವಾಗುವುದಿಲ್ಲ. ಗುಂಡಿಯ ಕೆಸರಿನಲ್ಲಿ ಒಂದಷ್ಟು ಕೂರುತ್ತವೆ, ಉಳಿದದ್ದು ಮುಂದಕ್ಕೆ ಹೋಗುತ್ತದೆ. ನಿಮ್ಮ ಹಳ್ಳ ಎಲ್ಲಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ತುಂಗೆಗೆ. ತುಂಗೆ ಗಾಜನೂರಿಗೆ ಬಂದು ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ಶಿವಮೊಗ್ಗದವರು ಕುಡಿಯುವುದು ಈ ನೀರನ್ನೇ. ಹೊಳೆಗಿಂತ ಮೊದಲು ಸಿಗುವ ಬಾವಿಗಳನ್ನಂತೂ ಮರೆಯಲೇಬೇಡಿ, ಮಲೆನಾಡಿನ ಇಳಿಜಾರಿನಲ್ಲಿ ಮೇಲಿನವರ ಇಂಗುಗುಂಡಿ ಮತ್ತು ಕೆಳಗಿನ ಮನೆಯ ಬಾವಿಯ ನಡುವೆ ಒಂದು ಧರೆ, ಅಂದರೆ ಮಣ್ಣಿನ ದಿಬ್ಬ, ಅಷ್ಟೇ ಇರುತ್ತದೆ ಎಷ್ಟೋ ಕಡೆ.

ಹಾಗಾದರೆ ಸಿಂಕಿಗೆ ಏನೂ ಹೋಗಬಾರದಾ? ಹೋಗಬಹುದು. ಟೈಟ್ರೇಷನ್ನಿನಲ್ಲಿ (ದ್ರಾವಣವನ್ನು ಹನಿ ಹನಿಯಾಗಿ ಹಾಕಿ ಅಳೆಯುವ ಪ್ರಯೋಗ) ಉಳಿದ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್, ಸೋಡಿಯಂ ಹೈಡ್ರಾಕ್ಸೈಡ್ ಇಂಥವನ್ನು ಬೇರೆ ಯಾವ ವಿಷವಸ್ತುವೂ ಸೇರದಂತೆ ಇಟ್ಟುಕೊಂಡು, ತಟಸ್ಥ ಮಾಡಿ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಪೇಪರಿನಲ್ಲಿ 6ರಿಂದ 9ರ ನಡುವೆ ಬಂದಿದೆ ಅಂತ ನೋಡಿ ಆಮೇಲೆ ಬಿಡಿ. ಗಟ್ಟಿ ಆಸಿಡ್ ಆದರೆ ಮೊದಲು ಬಕೆಟ್ ತುಂಬ ನೀರು, ಅದಕ್ಕೆ ಆಸಿಡ್ ಸ್ವಲ್ಪ ಸ್ವಲ್ಪ, ಆಮೇಲೆ ವಾಷಿಂಗ್ ಸೋಡಾ ಚಮಚ ಚಮಚವಾಗಿ. ಆಸಿಡ್‌ಗೆ ನೀರು ಹಾಕುವುದು ಯಾವತ್ತೂ ಬೇಡ. ಸೋಡಾ ಹಾಕುವಾಗ ನೊರೆ ಉಕ್ಕುತ್ತದೆ, ಬಿಸಿಯಾಗುತ್ತದೆ, ಆತುರ ಬೇಡ.

ಸೀಸ, ಬೇರಿಯಂ, ತಾಮ್ರ, ಕ್ರೋಮೇಟ್ ಇದ್ದದ್ದೆಲ್ಲ ಕ್ಯಾನಿಗೆ. ಟ್ಯೂಬಿನಲ್ಲಿದ್ದದ್ದನ್ನು ಮೊದಲು ಕ್ಯಾನಿಗೆ ಬಗ್ಗಿಸಿ, ಸ್ವಲ್ಪೇ ಸ್ವಲ್ಪ ನೀರಿನಲ್ಲಿ ಟ್ಯೂಬನ್ನು ಒಮ್ಮೆ ಜಾಲಾಡಿಸಿ, ಆ ನೀರೂ ಕ್ಯಾನಿಗೇ. ಆಮೇಲೆ ಸಿಂಕಿನಲ್ಲಿ ತೊಳೆಯಿರಿ. ಕ್ಯಾನು ಬೇಗ ತುಂಬುತ್ತದೆ ಅನ್ನಿಸಿದರೆ ಪ್ರಯೋಗವನ್ನೇ ಚಿಕ್ಕದು ಮಾಡಿ. ಹಳದಿ ಬಣ್ಣದ ಲೆಡ್ ಅಯೋಡೈಡ್ ನೋಡಲು ಅರ್ಧ ಟ್ಯೂಬ್ ದ್ರಾವಣ ಬೇಕಾಗಿಲ್ಲ, ಡ್ರಾಪರಿನ ಹತ್ತು ಹನಿ ಸಾಕು. ಮಕ್ಕಳಿಗೆ ಬಣ್ಣ ಅಷ್ಟೇ ಚೆನ್ನಾಗಿ ಕಾಣುತ್ತದೆ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ದೊಡ್ಡ ಪರಿಹಾರ, ಯಾಕೆಂದರೆ ಹುಟ್ಟದೇ ಇದ್ದ ಕಸವನ್ನು ಯಾರೂ ಹೊರಬೇಕಾಗಿಲ್ಲ.

ಪಿಯು ಲ್ಯಾಬಿನಲ್ಲೇ ಇರುವ ಎರಡು ಅಪಾಯ ಬಿಡಿಸಿ ಹೇಳಲೇಬೇಕು. ಒಂದು, ಟಾಲೆನ್ಸ್ ರೀಏಜೆಂಟ್, ಅಂದರೆ ಆಲ್ಡಿಹೈಡ್ ಪತ್ತೆಗೆ ಬಳಸುವ ಬೆಳ್ಳಿಯ ದ್ರಾವಣ. ಬೆಳ್ಳಿ ಕನ್ನಡಿ ತೋರಿಸಿದ ಮೇಲೆ ಉಳಿದದ್ದನ್ನು "ಮುಂದಿನ ಬ್ಯಾಚಿಗೆ ಆಗುತ್ತೆ" ಅಂತ ಎತ್ತಿಡಬೇಡಿ. ಇಟ್ಟ ಟಾಲೆನ್ಸ್‌ನಲ್ಲಿ ಸ್ಫೋಟಿಸುವ ಬೆಳ್ಳಿಯ ಸಂಯುಕ್ತ ಕಟ್ಟಿಕೊಳ್ಳುತ್ತದೆ, ಅಲುಗಿದರೂ ಸಿಡಿಯಬಹುದು. ಅವತ್ತಿಗೆ ಬೇಕಾದಷ್ಟೇ ಮಾಡಿ, ಅವತ್ತೇ ದುರ್ಬಲ ನೈಟ್ರಿಕ್ ಆಸಿಡ್ ಹಾಕಿ ಕೆಡಿಸಿ, ಬೆಳ್ಳಿಯ ಕ್ಯಾನಿಗೆ ಸೇರಿಸಿ. ಇನ್ನೊಂದು ಲಸೈನ್ ಟೆಸ್ಟ್, ಸ್ಯಾಂಪಲ್ಲನ್ನು ಸೋಡಿಯಂ ಜತೆ ಕಾಯಿಸಿ ಅದರಲ್ಲಿ ನೈಟ್ರೋಜನ್, ಸಲ್ಫರ್ ಇಂಥವು ಇವೆಯಾ ಅಂತ ನೋಡುವ ಪರೀಕ್ಷೆ. ನೈಟ್ರೋಜನ್ ಇರುವ ಸ್ಯಾಂಪಲ್ಲಿನ ಸೋಡಿಯಂ ಎಕ್ಸ್‌ಟ್ರಾಕ್ಟಿನಲ್ಲಿ ಸೋಡಿಯಂ ಸಯನೈಡ್ ಇರುತ್ತದೆ. ಅದನ್ನೂ ಆಸಿಡ್ಡನ್ನೂ ಒಂದೇ ಬಕೆಟ್ಟಿಗೆ ಸುರಿದರೆ ಹೈಡ್ರೋಜನ್ ಸಯನೈಡ್ ಅನಿಲ ಬರುತ್ತದೆ. ಅದಕ್ಕೆ ಬೇರೆಯದೇ ಬಾಟಲಿ, ಕ್ಷಾರೀಯವಾಗಿಯೇ ಇರಬೇಕು, ಮುಚ್ಚಳ ಭದ್ರ.

ನಾನು ಲ್ಯಾಬ್ ಅಟೆಂಡರ್. ಹಳೇ ಬೀರುವಿನಲ್ಲಿ ಲೇಬಲ್ ಇಲ್ಲದ ಬಾಟಲಿಗಳು ತುಂಬಾ ಇವೆ. ಕೆಲವದರ ಲೇಬಲ್ ಬೂಷ್ಟು ಹಿಡಿದು ಅಳಿಸಿಹೋಗಿದೆ. ಹೊಸ ಪ್ರಿನ್ಸಿಪಾಲರು ರಜೆಯಲ್ಲಿ ಖಾಲಿ ಮಾಡಿಸು ಅಂದಿದ್ದಾರೆ. ಮುಚ್ಚಳ ತೆಗೆದು ವಾಸನೆ ನೋಡಿ ವಿಂಗಡಿಸಬಹುದಾ ಸರ್?
*ಸಾಗರ*

ಬೇಡ. ವಾಸನೆ ನೋಡಬೇಡಿ, ಮುಚ್ಚಳವನ್ನೂ ತೆಗೆಯಬೇಡಿ. ಮೊದಲ ಮಾತು ಇನ್ನೊಂದಿದೆ. ಇದು ನೀವು ಒಬ್ಬರೇ ಮಾಡುವ ಕೆಲಸ ಅಲ್ಲ. ಕೆಮಿಸ್ಟ್ರಿ ಉಪನ್ಯಾಸಕರು ಪಕ್ಕದಲ್ಲಿ ನಿಂತಿರಬೇಕು, ಪ್ರಿನ್ಸಿಪಾಲರು ಲಿಖಿತವಾಗಿ ಒಪ್ಪಿರಬೇಕು. ಅಟೆಂಡರ್ ಕೈಗೆ ಬೀಗದ ಕೈ ಕೊಟ್ಟು "ಖಾಲಿ ಮಾಡು" ಅನ್ನುವುದು ನಮ್ಮ ಕಾಲೇಜುಗಳಲ್ಲಿ ನಡೆದು ಬಂದ ರೂಢಿ, ಅದು ತಪ್ಪು ರೂಢಿ. ಈ ಪುಟವನ್ನು ಅವರಿಗೆ ತೋರಿಸಿ.

ಬೀರು ತೆರೆದು ಕಿಟಕಿ ಬಾಗಿಲು ಎಲ್ಲ ತೆಗೆದಿಡಿ. ಯಾವುದನ್ನೂ ಅಲುಗಿಸದೆ, ಟಾರ್ಚ್ ಹಿಡಿದು ಕಣ್ಣಲ್ಲಿ ಮಾತ್ರ ನೋಡಿ. ಹುಡುಕಬೇಕಾದದ್ದು ಮೂರು.

ಈಥರ್ ಮೊದಲನೆಯದು. ಕಂದು ಬಣ್ಣದ ಬಾಟಲಿ, ಒಳಗಿನ ದ್ರವ ಅರ್ಧ ಆರಿಹೋಗಿರುತ್ತದೆ. ಕುತ್ತಿಗೆಯ ಹತ್ತಿರ, ಮುಚ್ಚಳದ ಎಳೆಗಳ ಸಂದಿಯಲ್ಲಿ ಬೆಳ್ಳಗೆ ಸಕ್ಕರೆ ಹರಳಿನಂಥದ್ದು ಕಟ್ಟಿಕೊಂಡಿದೆಯಾ ನೋಡಿ. ಕಟ್ಟಿದ್ದರೆ ಅದು ಪೆರಾಕ್ಸೈಡ್. ಗಾಳಿ, ಬೆಳಕು ತಗುಲಿ ಈಥರ್ ವರ್ಷಗಟ್ಟಲೆ ಇದ್ದರೆ ಹೀಗಾಗುತ್ತದೆ. ಮುಚ್ಚಳ ತಿರುಗಿಸುವ ಉಜ್ಜಾಟಕ್ಕೇ ಅದು ಸಿಡಿಯಬಹುದು. ಅಲ್ಲಿಗೇ ಕೆಲಸ ನಿಲ್ಲಿಸಿ, ಕೋಣೆಗೆ ಬೀಗ ಹಾಕಿ, ಪ್ರಿನ್ಸಿಪಾಲರಿಗೆ ಹೇಳಿ, ಅವರು ಅಗ್ನಿಶಾಮಕ ಠಾಣೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಸಲಿ. ಹರಳು ಕಾಣಿಸದಿದ್ದರೂ ಯಾವಾಗ ತಂದದ್ದು ಅಂತ ಗೊತ್ತಿಲ್ಲದ ಈಥರನ್ನು ಮುಟ್ಟಬೇಡಿ.

ಎರಡನೆಯದು ಪಿಕ್ರಿಕ್ ಆಸಿಡ್. ಹಳದಿ ಪುಡಿ. ಝೂವಾಲಜಿಯವರು ಅಂಗಾಂಶ ಕೆಡದಂತೆ ಇಡುವ ಬುವಾನ್ ದ್ರಾವಣಕ್ಕೆ ತರಿಸಿರುತ್ತಾರೆ, ಹಾಗಾಗಿ ಕೆಮಿಸ್ಟ್ರಿ ರಿಜಿಸ್ಟರಿನಲ್ಲಿ ಸಿಗದೇ ಹೋಗಬಹುದು. ಇದು ಯಾವಾಗಲೂ ನೀರಿನಲ್ಲಿ ಒದ್ದೆಯಾಗಿಯೇ ಇರಬೇಕು. ಒಣಗಿದರೆ ಸ್ಫೋಟಕ. ಲೋಹದ ಮುಚ್ಚಳ ಇದ್ದರೆ ಇನ್ನೂ ಕೆಟ್ಟದ್ದು.

ಮೂರನೆಯದು ಸೋಡಿಯಂ ಲೋಹ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟಿರುತ್ತಾರೆ, ವರ್ಷ ಕಳೆದ ಹಾಗೆ ಎಣ್ಣೆ ಆರುತ್ತದೆ, ನಮ್ಮ ತೇವದ ಗಾಳಿ ಒಳಗೆ ಹೋಗಿ ತುಂಡಿನ ಮೇಲೆ ಬಿಳಿ ಹೊಪ್ಪಳೆ ಬರುತ್ತದೆ. ಇದನ್ನು ಸಿಂಕಿಗೋ ಕಸದ ಬುಟ್ಟಿಗೋ ಎಸೆದರೆ ಬೆಂಕಿ.

ಈ ಮೂರೂ ಇಲ್ಲ ಅಂತ ಖಚಿತವಾದ ಮೇಲೆ ಉಳಿದ ಬಾಟಲಿಗಳಿಗೆ ಬನ್ನಿ. ಕನ್ನಡಕ, ಗ್ಲೌಸ್, ಏಪ್ರನ್ ಹಾಕಿಕೊಂಡು ಒಂದೊಂದೇ ಎತ್ತಿ, ಪ್ಲಾಸ್ಟಿಕ್ ಟ್ರೇಯಲ್ಲಿಡಿ. ಹೆಸರು ಗೊತ್ತಿಲ್ಲದ್ದರ ಮೇಲೆ ಹಾಗೆಯೇ ಬರೆಯಿರಿ: "ಏನೆಂದು ಗೊತ್ತಿಲ್ಲ, ಬಿಳಿ ಪುಡಿ, ಕೆಳಗಿನ ಹಲಗೆಯಲ್ಲಿ ಸಿಕ್ಕಿದ್ದು, ಇವತ್ತಿನ ತಾರೀಕು." ಅಂದಾಜಿನ ಹೆಸರು ಬರೆಯಬೇಡಿ. ಆಮೇಲೆ ಹಳೇ ಸ್ಟಾಕ್ ರಿಜಿಸ್ಟರು ತೆಗೆದು ಹೊಂದಿಸಿ ನೋಡಿದರೆ ಅರ್ಧಕ್ಕರ್ಧ ಬಾಟಲಿಗಳ ಹೆಸರು ಸಿಗುವ ಸಾಧ್ಯತೆ ಇದೆ. ಹೆಸರಿಲ್ಲದ ಬಾಟಲಿಯನ್ನು ವಿಲೇವಾರಿಗೆ ತೆಗೆದುಕೊಳ್ಳುವವರು ಮೊದಲು ಪರೀಕ್ಷೆ ಮಾಡಬೇಕಾಗುತ್ತದೆ, ಆ ಖರ್ಚು ನಿಮ್ಮ ಕಾಲೇಜಿನ ಮೇಲೆಯೇ ಬೀಳುತ್ತದೆ.

ಮುಂದಕ್ಕೆ ಹೀಗಾಗದಿರಲಿ ಅಂದರೆ, ನಮ್ಮ ಜಡಿಮಳೆಯ ನಾಡಿಗೆ ಬೇರೆಯದೇ ಜಾಗ್ರತೆ ಬೇಕು. ಇಂಕ್ ಪೆನ್ನಿನಲ್ಲಿ ಬರೆದ ಲೇಬಲ್ ಜುಲೈಯೊಳಗೆ ಹರಡಿಹೋಗುತ್ತದೆ. ಪೆನ್ಸಿಲ್ಲಿನಲ್ಲಿ ಬರೆದದ್ದು ಹೋಗುವುದಿಲ್ಲ. ಮೇಲಿಂದ ಅಗಲದ ಪಾರದರ್ಶಕ ಟೇಪನ್ನು ಬಾಟಲಿಯ ಸುತ್ತ ಪೂರ್ತಿ ಸುತ್ತಿ, ಅಂಚು ಬಿಟ್ಟರೆ ಆ ಸಂದಿಯಿಂದ ತೇವವೂ ಹುಳವೂ ಒಳಗೆ ಹೋಗಿ ಗೋಂದನ್ನು ತಿನ್ನುತ್ತವೆ. ಹೈಡ್ರೋಕ್ಲೋರಿಕ್ ಆಸಿಡ್ಡಿನ ಹಬೆಗೆ ಕಬ್ಬಿಣದ ರ‍್ಯಾಕು ತುಕ್ಕು ಹಿಡಿದು ಒಂದು ದಿನ ಕುಸಿಯುತ್ತದೆ, ಅದನ್ನು ಬೇರೆ ಇಡಿ, ಕೆಳಗೆ ಪ್ಲಾಸ್ಟಿಕ್ ಟ್ರೇ ಇರಲಿ. ನೆಲ ಜಿನುಗುವ ಕೋಣೆಯಾದರೆ ನೆಲದ ಮೇಲೆ ಏನನ್ನೂ ಇಡಬೇಡಿ.

ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಒಂದೇ ನೀಲಿ ಡ್ರಮ್ ಇದೆ. ಎಲ್ಲ ವೇಸ್ಟನ್ನೂ ಅದಕ್ಕೇ ಹಾಕಿ ಅಂತಾರೆ. ಸಿಂಕಿಗೆ ಹಾಕುವುದಕ್ಕಿಂತ ಇದು ಒಳ್ಳೆಯದೇ ಅಲ್ವಾ?
*ಬಿಎಸ್ಸಿ ವಿದ್ಯಾರ್ಥಿನಿ, ಶಿವಮೊಗ್ಗ*

ಅಲ್ಲಮ್ಮ, ಕೆಲವು ಸಲ ಅದಕ್ಕಿಂತಲೂ ಅಪಾಯ. ಲ್ಯಾಬಿನ ಕಸದಲ್ಲಿ ಅನಾಹುತ ತರುವುದು ಎರಡು: ಹೆಸರು ಇಲ್ಲದಿರುವುದು, ಮತ್ತು ಬೆರಕೆ. ನೈಟ್ರಿಕ್ ಆಸಿಡ್ ಇದ್ದ ಡ್ರಮ್ಮಿಗೆ ಯಾರೋ ಅಸಿಟೋನ್ ಅಥವಾ ಆಲ್ಕೋಹಾಲ್ ಸುರಿದರು ಅಂದುಕೋ. ಆಗಲೇ ಏನೂ ಕಾಣಿಸದೇ ಇರಬಹುದು. ಎಲ್ಲರೂ ಮನೆಗೆ ಹೋದ ಮೇಲೆ ಒಳಗೆ ಬಿಸಿ ಏರಿ, ಅನಿಲ ಕಟ್ಟಿ, ರಾತ್ರಿ ಒಡೆಯುತ್ತದೆ. ಕ್ಲೋರೋಫಾರ್ಮ್, ಅಸಿಟೋನ್ ಎರಡೂ ದ್ರಾವಕಗಳೇ, ಒಟ್ಟಿಗೆ ಇದ್ದರೇನು ಅನ್ನಿಸುತ್ತದೆ. ಅದಕ್ಕೆ ಸ್ವಲ್ಪ ಕಾಸ್ಟಿಕ್ ಸೋಡಾ ಬಿದ್ದರೆ ಜೋರಾಗಿ ಕಾದು ಸಿಡಿಯುತ್ತದೆ. ಸಲ್ಫೈಡ್‌ಗೆ ಆಸಿಡ್ ಸೇರಿದರೆ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆ ಬಂದಾಗ ಓಡಿದರಾಯಿತು ಅಂತ ನಂಬಬೇಡ, ಜಾಸ್ತಿ ಪ್ರಮಾಣದಲ್ಲಿ ಅದು ಮೂಗಿನ ಗ್ರಹಿಕೆಯನ್ನೇ ಕೊಲ್ಲುತ್ತದೆ, ವಾಸನೆ ನಿಂತಿತು ಅಂತ ಅಲ್ಲೇ ನಿಂತವರು ಬಿದ್ದುಹೋಗಿದ್ದಾರೆ.

ಕನಿಷ್ಠ ಇಷ್ಟು ಕ್ಯಾನು ಬೇಕು ಅಂತ ನಿಮ್ಮ ಎಚ್‌ಒಡಿಯವರನ್ನು ಕೇಳಿ: ಕ್ಲೋರಿನ್, ಬ್ರೋಮಿನ್ ಇರುವ ದ್ರಾವಕಗಳಿಗೆ ಒಂದು, ಅವಿಲ್ಲದ ದ್ರಾವಕಗಳಿಗೆ ಒಂದು, ಭಾರಲೋಹದ ನೀರಿಗೆ ಒಂದು, ಆಸಿಡ್ಡಿಗೆ ಒಂದು, ಕ್ಷಾರಕ್ಕೆ ಒಂದು. ನೈಟ್ರಿಕ್ ಆಸಿಡ್ ಮಾತ್ರ ಒಂಟಿಯಾಗಿ ಇರಲಿ. ಸಯನೈಡ್ ಇದ್ದರೆ ಅದೂ ಒಂಟಿ. ಕ್ಯಾನನ್ನು ಕಂಠಮಟ್ಟ ತುಂಬಬೇಡಿ, ಬೇಸಿಗೆಯಲ್ಲಿ ಹಿಗ್ಗಲು ಜಾಗ ಬೇಕು, ಐದನೇ ಒಂದು ಭಾಗ ಖಾಲಿ ಬಿಡಿ. ಹಾಕುವಾಗ ಮಾತ್ರ ಮುಚ್ಚಳ ತೆಗೆಯಬೇಕು. ಫನೆಲ್ ಹಾಗೇ ನಿಲ್ಲಿಸಿ ಹೋಗುವ ಅಭ್ಯಾಸ ಎಲ್ಲ ಕಡೆ ಇದೆ, ಅದರಿಂದ ಇಡೀ ದಿನ ಆವಿ ಕೋಣೆಗೆ ಬರುತ್ತಿರುತ್ತದೆ. ಪ್ರತಿ ಸಲ ಏನು, ಎಷ್ಟು, ಯಾವತ್ತು ಹಾಕಿದೆ ಅಂತ ಕ್ಯಾನಿಗೆ ಕಟ್ಟಿದ ಪಟ್ಟಿಯಲ್ಲಿ ಬರೆದು ಸಹಿ ಮಾಡು. "ಆರ್ಗ್ಯಾನಿಕ್ ವೇಸ್ಟ್" ಅಂತ ಎರಡೇ ಪದ ಬರೆದರೆ ಅದು ಹೆಸರಲ್ಲ.

ದ್ರಾವಕವನ್ನು ಫ್ಯೂಮ್ ಹುಡ್ಡಿನಲ್ಲಿ (ಆವಿಯನ್ನು ಹೊರಗೆ ಎಳೆಯುವ ಗೂಡು) ತೆರೆದಿಟ್ಟು ಆರಿಸಿಬಿಡುವುದು ವಿಲೇವಾರಿ ಅಲ್ಲ, ಅದನ್ನು ಛಾವಣಿ ಮೇಲಿನ ಗಾಳಿಗೆ ಸುರಿದ ಹಾಗೆ. ಮತ್ತೆ ದಯವಿಟ್ಟು, ದಯವಿಟ್ಟು, ತಂಪುಪಾನೀಯದ ಬಾಟಲಿ, ಕುಡಿಯುವ ನೀರಿನ ಬಾಟಲಿಗಳಲ್ಲಿ ಯಾವ ಕೆಮಿಕಲ್ಲನ್ನೂ ತುಂಬಬೇಡಿ. ಬಾಯಾರಿ ಬಂದವರಿಗೆ ಅದು ನೀರಾಗಿಯೇ ಕಾಣುತ್ತದೆ.

ನಾನು ಮಣ್ಣು ಪರೀಕ್ಷಾ ಲ್ಯಾಬಿನ ಟೆಕ್ನಿಶಿಯನ್. ಅಡಿಕೆ ತೋಟದವರ ಸ್ಯಾಂಪಲ್ಲು ಸೀಸನ್ನಿನಲ್ಲಿ ರಾಶಿ ಬರುತ್ತವೆ. ಸಾವಯವ ಇಂಗಾಲಕ್ಕೆ ಡೈಕ್ರೋಮೇಟ್ ವಿಧಾನ. ಉಳಿದ ಹಸಿರು ನೀರು ಅಪಾಯವಾ?
*ಶಿವಮೊಗ್ಗ ತಾಲ್ಲೂಕು*

ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಖುಷಿ, ಯಾಕೆಂದರೆ ಮಣ್ಣು ಉಳಿಸುವ ಕೆಲಸ ಮಾಡುವ ಲ್ಯಾಬಿನ ಹಿತ್ತಿಲ ಮಣ್ಣೇ ಹಾಳಾಗಬಾರದು.

ನೀವು ಹೇಳುತ್ತಿರುವುದು ವಾಕ್ಲಿ-ಬ್ಲ್ಯಾಕ್ ವಿಧಾನ. ಒಂದು ಸ್ಯಾಂಪಲ್ಲಿಗೆ 1 ನಾರ್ಮಲ್ ಪೊಟ್ಯಾಸಿಯಂ ಡೈಕ್ರೋಮೇಟ್ 10 ಮಿಲಿ, ಗಟ್ಟಿ ಸಲ್ಫ್ಯೂರಿಕ್ ಆಸಿಡ್ 20 ಮಿಲಿ. ಆ 10 ಮಿಲಿಯಲ್ಲಿ ಡೈಕ್ರೋಮೇಟ್ 0.49 ಗ್ರಾಂ, ಅದರೊಳಗೆ ಕ್ರೋಮಿಯಂ ಸುಮಾರು 173 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಂದರೆ ಒಂದು ಸ್ಯಾಂಪಲ್ಲಿನದು ಹತ್ತಿರ ಹತ್ತಿರ 3,500 ಲೀಟರ್ ನೀರಿಗೆ ಸಾಕು.

ಸಮಾಧಾನದ ವಿಷಯ ಒಂದಿದೆ. ಕಿತ್ತಳೆ ಬಣ್ಣದ ಡೈಕ್ರೋಮೇಟ್‌ನಲ್ಲಿರುವುದು ಆರನೇ ಸ್ಥಿತಿಯ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು, ನೀರಿನಲ್ಲಿ ಸಲೀಸಾಗಿ ಓಡಾಡುವಂಥದ್ದು. ಟೈಟ್ರೇಷನ್ನಿನಲ್ಲಿ ನೀವು ಫೆರಸ್ ಅಮೋನಿಯಂ ಸಲ್ಫೇಟ್ ಹಾಕುತ್ತೀರಲ್ಲ, ಎಂಡ್ ಪಾಯಿಂಟ್ ಬರುವ ಹೊತ್ತಿಗೆ ಅದು ಮೂರನೇ ಸ್ಥಿತಿಗೆ ಇಳಿದಿರುತ್ತದೆ. ಆ ಹಸಿರು ಅದರದ್ದೇ. ವಿಷ ಎಷ್ಟೋ ಕಡಿಮೆ. ಆದರೆ ಕ್ರೋಮಿಯಂ ಅಲ್ಲೇ ಇದೆ, ಜತೆಗೆ ಗಟ್ಟಿ ಆಸಿಡ್ ಇದೆ. ಹಾಗಾಗಿ ಸಿಂಕಿಗೆ ಬೇಡ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸೇರಿಸಿ. ಕಿತ್ತಳೆ ಅಥವಾ ಹಳದಿ ಛಾಯೆ ಉಳಿದಿದ್ದರೆ ಇನ್ನಷ್ಟು ಫೆರಸ್ ಸಲ್ಫೇಟ್ ಹಾಕಿ ಪೂರ್ತಿ ಹಸಿರು ಮಾಡಿ. ಆಮೇಲೆ ತಣ್ಣಗಿರುವಾಗ ಸುಣ್ಣದ ಹಾಲನ್ನು (ನೀರಿನಲ್ಲಿ ಕದಡಿದ ಸುಣ್ಣ) ನಿಧಾನಕ್ಕೆ ಸೇರಿಸುತ್ತಾ ಪಿಎಚ್ 8ರಿಂದ 9ಕ್ಕೆ ತಂದರೆ ಕ್ರೋಮಿಯಂ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಅಮೋನಿಯಾ ವಾಸನೆ ಬರುತ್ತದೆ, ಫೆರಸ್ ಅಮೋನಿಯಂ ಸಲ್ಫೇಟಿನದು, ಹೊರಗಡೆ ಗಾಳಿಯಲ್ಲಿ ಮಾಡಿ. ತಳದ ಬಗ್ಗಡ ಅಪಾಯಕಾರಿ ಕಸವೇ. ಅದನ್ನು ಮುಚ್ಚಿದ ಡಬ್ಬದಲ್ಲಿ ಹೆಸರು ಬರೆದು ಇಡಿ. ತೋಟಕ್ಕಂತೂ ಹಾಕಬೇಡಿ, ಜಿಪ್ಸಂ ತರಹ ಕಂಡರೂ.

ಗಾಜು ತೊಳೆಯಲು ಇನ್ನೂ ಕ್ರೋಮಿಕ್ ಆಸಿಡ್ ಬಳಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಲ್ಯಾಬ್ ಡಿಟರ್ಜೆಂಟಿನಲ್ಲಿ ರಾತ್ರಿ ನೆನೆಸಿಟ್ಟರೆ ಬಹುತೇಕ ಗಾಜು ಸ್ವಚ್ಛವಾಗುತ್ತದೆ.

ನೀರು ಪರೀಕ್ಷೆ ಲ್ಯಾಬಿನವರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಸಿಒಡಿ ಪರೀಕ್ಷೆಯಲ್ಲಿ (ನೀರಿನ ಕೊಳೆ ಎಷ್ಟು ಆಮ್ಲಜನಕ ಬೇಡುತ್ತದೆ ಅಂತ ಅಳೆಯುವುದು) 20 ಮಿಲಿ ಸ್ಯಾಂಪಲ್ಲಿಗೆ 0.4 ಗ್ರಾಂ ಮರ್ಕ್ಯುರಿಕ್ ಸಲ್ಫೇಟ್ ಹಾಕುತ್ತೀರಿ. ಅದರಲ್ಲಿ ಪಾದರಸ 270 ಮಿಲಿಗ್ರಾಂ. ಪಾದರಸದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಒಂದೇ ಒಂದು ಪರೀಕ್ಷೆ 2.7 ಲಕ್ಷ ಲೀಟರ್ ನೀರನ್ನು ಮಿತಿಗೆ ತರುತ್ತದೆ. ಹೊಳೆ ಶುದ್ಧವಾಗಿದೆಯಾ ಅಂತ ನೋಡಲು ಮಾಡುವ ಪರೀಕ್ಷೆ ಇದು! ಅದರ ಒಂದು ಹನಿಯೂ ಸಿಂಕಿಗೆ ಹೋಗಬಾರದು. ಇದನ್ನು ಲ್ಯಾಬಿನಲ್ಲೇ ಸರಿಮಾಡಲು ಹೋಗಬೇಡಿ, ಹಾಗೆಯೇ ಎತ್ತಿಟ್ಟು ವಿಲೇವಾರಿಗೆ ಕೊಡಿ.

ನಮ್ಮದು ಸಣ್ಣ ಡಯಾಗ್ನೋಸ್ಟಿಕ್ ಲ್ಯಾಬ್. ರಕ್ತದ ಕಸ ಬಯೋಮೆಡಿಕಲ್ ಗಾಡಿಗೆ ಹೋಗುತ್ತದೆ. ಫಾರ್ಮಲಿನ್ ಮತ್ತೆ ಮೆಷಿನ್ನಿನ ರೀಏಜೆಂಟ್ ನೀರು?
*ಹೊಸನಗರ*

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಫಾರ್ಮಲಿನ್, ಲ್ಯಾಬಿನ ಕೆಮಿಕಲ್ ದ್ರವ ಎರಡೂ ಹಳದಿ ವರ್ಗಕ್ಕೇ ಸೇರಿವೆ. ಆದರೆ ದ್ರವವನ್ನು ಹಳದಿ ಚೀಲಕ್ಕೆ ಸುರಿಯುವುದಲ್ಲ, ಬೇರೆಯಾಗಿ ಸಂಗ್ರಹಿಸಿ, ಸಂಸ್ಕರಿಸಿ ಆಮೇಲೆ ಬಿಡಬೇಕು. ನಿಮ್ಮಲ್ಲಿ ಸಂಸ್ಕರಣಾ ಘಟಕ ಇಲ್ಲದಿದ್ದರೆ ಫಾರ್ಮಲಿನ್ನನ್ನು ಭದ್ರ ಕ್ಯಾನಿನಲ್ಲಿ ಸೇರಿಸಿ, ಗಾಡಿಯ ಏಜೆನ್ಸಿಯವರ ಜತೆ ಲಿಖಿತವಾಗಿ ಮಾತಾಡಿಕೊಳ್ಳಿ. ಫಾರ್ಮಲಿನ್ನಿನಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತವಾಗಿದೆ, ಕಣ್ಣುರಿ ಅಷ್ಟೇ ಅಂತ ಬಿಡಬೇಡಿ.

ಕೆಲವು ರೀಏಜೆಂಟುಗಳಲ್ಲಿ ಕೆಡದಂತೆ ಸೋಡಿಯಂ ಅಜೈಡ್ ಹಾಕಿರುತ್ತಾರೆ. ಡಬ್ಬದ ಮೇಲೆ ಓದಿ. ಹಳೇ ಸೀಸದ, ತಾಮ್ರದ ಪೈಪಿನಲ್ಲಿ ಅದು ಸಿಡಿಯುವ ಅಜೈಡ್ ಆಗಿ ಕಟ್ಟಿಕೊಳ್ಳಬಹುದು. ಇನ್ನೊಂದು, ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಬಕೆಟ್ ಇರುವ ಕಡೆ ಟಾಯ್ಲೆಟ್ ತೊಳೆಯುವ ಆಸಿಡ್ ಇಡಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ. ಬೆಳಿಗ್ಗೆ ಬೇಗ ಬಂದು, ಬಾಗಿಲು ಹಾಕಿಕೊಂಡು ನೆಲ ಒರೆಸುವ ಹೆಂಗಸಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ನೀವೇ ಕೂರಿಸಿಕೊಂಡು ಹೇಳಿ.

ನನ್ನ ತಮ್ಮ ಕಾಲೇಜು ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಬೇಡ ಅಂತ ಬಿಟ್ಟ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಕ್ಯಾನುಗಟ್ಟಲೆ ಇದೆಯಂತೆ. ತೋಟಕ್ಕೆ ಕೊಳೆ ಔಷಧಿಗೆ ಬರುತ್ತದಾ? ಖಾಲಿ ಆಸಿಡ್ ಕ್ಯಾನುಗಳನ್ನೂ ತರಲಾ ಅಂತಿದ್ದಾನೆ.
*ಕೊಪ್ಪ ಕಡೆಯ ಅಡಿಕೆ ಬೆಳೆಗಾರ ಮಹಿಳೆ*

ಅಕ್ಕಾ, ಎರಡೂ ಬೇಡ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನಾವು ಹಾಕುವುದು 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆ ಅಳತೆ ತಪ್ಪಿದರೆ ಎಳೆಗೊನೆ ಸುಡಬಹುದು ಅಥವಾ ಕೊಳೆ ನಿಲ್ಲದಿರಬಹುದು. ಲ್ಯಾಬಿನ ನೀಲಿ ನೀರಿನಲ್ಲಿ ತಾಮ್ರ ಎಷ್ಟಿದೆಯೋ, ಆಸಿಡ್ ಎಷ್ಟಿದೆಯೋ, ಅದರ ಜತೆ ಸೀಸ ಪಾದರಸ ಏನೇನು ಸೇರಿದೆಯೋ ನೋಡಿದರೆ ಗೊತ್ತಾಗುವುದಿಲ್ಲ. ಮರದ ಮೇಲಿಂದ ಅದು ಸೀದಾ ನಿಮ್ಮ ತೋಟದ ಮಣ್ಣಿಗೆ, ಅಲ್ಲಿಂದ ಕಪ್ಪಿಗೆ (ತೋಟದ ಬಸಿಗಾಲುವೆಗೆ), ಕಪ್ಪಿನಿಂದ ಕೆರೆಗೆ ಇಳಿಯುತ್ತದೆ.

ಖಾಲಿ ಕ್ಯಾನಿನ ವಿಷಯ ಇನ್ನೂ ಗಂಭೀರ. ಗುಜರಿಗೆ ಹೋದ ಕೆಮಿಕಲ್ ಕ್ಯಾನುಗಳು ತೊಳೆಸಿಕೊಂಡು ಸಂತೆಗೆ ಬರುತ್ತವೆ, ಜನ ಅದರಲ್ಲಿ ಕುಡಿಯುವ ನೀರು, ಮಜ್ಜಿಗೆ, ಜೋನಿಬೆಲ್ಲ ಎಲ್ಲ ತುಂಬುತ್ತಾರೆ. ಪ್ಲಾಸ್ಟಿಕ್ಕು ಒಳಗಿದ್ದ ವಸ್ತುವನ್ನು ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ನಿಮ್ಮ ತಮ್ಮನಿಗೆ ಹೇಳಿ: ವಿಷದ ಕ್ಯಾನನ್ನು ತೂತು ಮಾಡಿ, ಲೇಬಲ್ ಸಮೇತ ಕೆಮಿಕಲ್ ಕಸದ ಜತೆಗೇ ಕಳಿಸಬೇಕು.

ಥರ್ಮಾಮೀಟರ್ ಒಡೆದು ಪಾದರಸ ನೆಲಕ್ಕೆ ಬಿದ್ದರೆ?
*ಹೈಸ್ಕೂಲು ಶಿಕ್ಷಕರು, ಸೊರಬ*

ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆಯಿರಿ. ಪೊರಕೆ ಬೇಡ, ಗುಂಡುಗಳು ಇನ್ನೂ ಚೂರಾಗಿ ಸಂದಿಗೆ ಹೋಗುತ್ತವೆ. ಗ್ಲೌಸ್ ಹಾಕಿಕೊಂಡು ಎರಡು ದಪ್ಪ ಕಾಗದದಿಂದ ಒಟ್ಟು ಮಾಡಿ, ಡ್ರಾಪರಿನಲ್ಲಿ ಹೀರಿ, ಸ್ವಲ್ಪ ನೀರಿರುವ ಭದ್ರ ಮುಚ್ಚಳದ ಬಾಟಲಿಗೆ ಹಾಕಿ. ಬಿರುಕಿನಲ್ಲಿ ಉಳಿದದ್ದರ ಮೇಲೆ ಗಂಧಕದ ಪುಡಿ ಉದುರಿಸಿ, ಆಮೇಲೆ ಅದನ್ನೂ ತೆಗೆದು ಬಾಟಲಿಗೆ. ಕೈಯಲ್ಲಿ ಆಡಿಸಲು ಮಕ್ಕಳಿಗೆ ಕೊಡಬೇಡಿ. ಮುಂದಿನ ಸಲ ಡಿಜಿಟಲ್ ಅಥವಾ ಆಲ್ಕೋಹಾಲ್ ಥರ್ಮಾಮೀಟರ್ ತರಿಸಿ.

ಆಸಿಡ್ ಚೆಲ್ಲಿದರೆ ನಾವು ಸಾಮಿಲ್ಲಿನಿಂದ ತಂದ ಮರದ ಪುಡಿ ಹಾಕುತ್ತೇವೆ. ಸರೀನಾ?
*ಡಿಪ್ಲೊಮಾ ಕಾಲೇಜು, ಭದ್ರಾವತಿ*

ತಪ್ಪು. ನೈಟ್ರಿಕ್ ಆಸಿಡ್, ಪರ್ಮ್ಯಾಂಗನೇಟ್, ಕ್ಲೋರೇಟ್ ಇಂಥವುಗಳ ಮೇಲೆ ಮರದ ಪುಡಿ, ಭತ್ತದ ಹೊಟ್ಟು, ಹಳೇ ಬಟ್ಟೆ ಹಾಕಿದರೆ ತಾನಾಗಿ ಬೆಂಕಿ ಹತ್ತಬಹುದು. ಒಣ ಮರಳಿನ ಬಕೆಟ್ ಇಡಿ. ಮೇಲಿಂದ ವಾಷಿಂಗ್ ಸೋಡಾ.

ಇದೆಲ್ಲ ಸರಿ. ಎತ್ತಿಟ್ಟದ್ದನ್ನು ಕೊನೆಗೆ ಯಾರಿಗೆ ಕೊಡುವುದು? ನಮ್ಮಂಥ ಸಣ್ಣ ಕಾಲೇಜಿಗೆ ಯಾರು ಗಾಡಿ ಕಳಿಸುತ್ತಾರೆ?
*ಪ್ರಿನ್ಸಿಪಾಲರು, ಶಿವಮೊಗ್ಗ ಜಿಲ್ಲೆ*

ಸರ್, ಜಾಸ್ತಿ ಕಾಲೇಜುಗಳು ಸಿಕ್ಕಿಕೊಂಡಿರುವುದು ಇಲ್ಲೇ. ಅಪಾಯಕಾರಿ ತ್ಯಾಜ್ಯಕ್ಕೆ ದೇಶಕ್ಕೆಲ್ಲ ಅನ್ವಯಿಸುವ ನಿಯಮ 2016ರದು. ಅದರ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ವರ್ಷಕ್ಕೆ 10 ಟನ್ನಿನೊಳಗೆ ಬರುವ ಸಣ್ಣವರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು 180 ದಿನಕ್ಕೆ ವಿಸ್ತರಿಸಬಹುದು. ಡಬ್ಬದ ಮೇಲೆ ಫಾರಂ 8ರ ಮಾದರಿಯ ಲೇಬಲ್, ಸಾಗಿಸುವಾಗ ಫಾರಂ 10ರ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ ಚೀಟಿ) ಇರಬೇಕು. ಅಂದರೆ ಪರಿಚಯದ ಟೆಂಪೋದವನಿಗೆ ದುಡ್ಡು ಕೊಟ್ಟು "ಎಲ್ಲಾದರೂ ಹಾಕಿ ಬಾ" ಅನ್ನುವಂತಿಲ್ಲ. ಆ "ಎಲ್ಲಾದರೂ" ನಮ್ಮಲ್ಲಿ ಯಾವುದೋ ಕಾಡಂಚಿನ ಚರಂಡಿಯೇ ಆಗಿರುತ್ತದೆ.

ಮಂಡಳಿಯ ಪ್ರಾದೇಶಿಕ ಕಚೇರಿ ಶಿವಮೊಗ್ಗದಲ್ಲೇ ಇದೆ. ಅಲ್ಲಿಗೆ ಒಂದು ಪತ್ರ ಬರೆಯಿರಿ, ಜತೆಗೆ ಪಟ್ಟಿ ಲಗತ್ತಿಸಿ: ಯಾವ ಕೆಮಿಕಲ್, ಎಷ್ಟು ಕೆಜಿ ಅಥವಾ ಲೀಟರ್, ಯಾವ ಡಬ್ಬ, ಯಾವ ಸ್ಥಿತಿ. ನಿಮ್ಮ ಕಾಲೇಜಿಗೆ ಯಾವ ಅನುಮತಿ ಬೇಕು, ಯಾರು ಅಧಿಕೃತವಾಗಿ ಒಯ್ಯುತ್ತಾರೆ ಅಂತ ಲಿಖಿತ ಉತ್ತರ ಕೇಳಿ. ರಾಜ್ಯದಲ್ಲಿ ಇಂಥ ಕಸವನ್ನು ಸಂಸ್ಕರಿಸಿ ಭದ್ರವಾಗಿ ಹೂಳುವ ಘಟಕ ದಾಬಸ್‌ಪೇಟೆಯಲ್ಲಿದೆ, ನಾವು ತುಮಕೂರು ಮೇಲೆ ಬೆಂಗಳೂರಿಗೆ ಹೋಗುವ ದಾರಿಯಲ್ಲೇ.

ಗಾಡಿಯ ಖರ್ಚು ಒಂದು ಕಾಲೇಜಿಗೆ ಭಾರವೇ. ಅದಕ್ಕೆ ನನ್ನ ಸಲಹೆ, ತಾಲ್ಲೂಕಿನ ನಾಲ್ಕಾರು ಕಾಲೇಜುಗಳ ಪ್ರಿನ್ಸಿಪಾಲರು ಸೇರಿ ಒಂದೇ ದಿನ ಒಂದೇ ಗಾಡಿ ಮಾತಾಡಿ. ಪ್ರತಿ ಕಾಲೇಜಿನಿಂದ ಅಧಿಕೃತ ವಾಹನವೇ ನೇರವಾಗಿ ಎತ್ತಲಿ, ನೀವು ನಿಮ್ಮ ಕಾರಿನ ಡಿಕ್ಕಿಯಲ್ಲಿ ಇನ್ನೊಂದು ಕಾಲೇಜಿಗೆ ಸಾಗಿಸಬೇಡಿ. ತೆರೆಯದ, ಲೇಬಲ್ ಚೆನ್ನಾಗಿರುವ ಬಾಟಲಿಗಳನ್ನು ಕಸಕ್ಕೆ ಸೇರಿಸುವ ಮೊದಲು ಅಕ್ಕಪಕ್ಕದ ಕಾಲೇಜಿಗೆ ಬೇಕಾ ಕೇಳಿ, ರಿಜಿಸ್ಟರಿನಲ್ಲಿ ಬರೆದು ಕ್ರಮವಾಗಿ ಕೊಡಬಹುದು. ಇನ್ನು ಮುಂದೆ ಇಂಡೆಂಟ್ (ಖರೀದಿಯ ಬೇಡಿಕೆ ಪಟ್ಟಿ) ಹಾಕುವಾಗ 500 ಗ್ರಾಂ ಅಗ್ಗವಾಗುತ್ತೆ ಅಂತ 500 ಗ್ರಾಂ ತರಿಸಬೇಡಿ. 50 ಗ್ರಾಂ ಸಾಕಾಗುವ ಲೆಡ್ ಅಸಿಟೇಟ್ ಜಾಸ್ತಿ ತರಿಸಿದರೆ, ಉಳಿದದ್ದನ್ನು ಕಳಿಸಲು ಕೊಂಡದ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತೀರಿ.

ಕೆಲಸವನ್ನು ಈಗಲೇ ಶುರು ಮಾಡಿ. ಪಟ್ಟಿಗೆ, ಪತ್ರಕ್ಕೆ, ಉತ್ತರ ಬರಲು ಸಮಯ ಹಿಡಿಯುತ್ತದೆ. ಗಾಡಿ ಏಪ್ರಿಲ್‌ನಲ್ಲೋ ಮೇ ಮೊದಲ ವಾರದಲ್ಲೋ ಬರುವಂತೆ ನೋಡಿಕೊಳ್ಳಿ. ಆಗ ಪರೀಕ್ಷೆಗಳು ಮುಗಿದಿರುತ್ತವೆ, ಲ್ಯಾಬ್ ಖಾಲಿ ಇರುತ್ತದೆ, ರಸ್ತೆ ಒಣಗಿರುತ್ತದೆ. ಜೂನ್ ಬಂದ ಮೇಲೆ ಮುಂದಿನ ದೀಪಾವಳಿ ತನಕ ಆ ಡಬ್ಬಗಳು ಮಳೆಯ ಕೆಳಗೆ ನಿಮ್ಮಲ್ಲೇ ಇರುತ್ತವೆ.